ಓಟದ ಜೊತೆಗೆ ಇನ್ನೇನು? ಮುಂಬೈ ಓಟಗಾರರಿಗೆ ನೀರು, ಸೈಕಲ್, ಮೆಟ್ಟಿಲು, ಭಾರಗಳ ಹೋಲಿಕೆ

ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮುಂಬೈ ಓಟಗಾರರ ವಾಟ್ಸಾಪ್ ಗುಂಪುಗಳಲ್ಲಿ ಕ್ರಾಸ್ ಟ್ರೇನಿಂಗ್, ಅಂದರೆ ಮುಖ್ಯ ಆಟದ ಜೊತೆಗೆ ಮಾಡುವ ಬೇರೆ ವ್ಯಾಯಾಮದ ಮಾತು ಶುರುವಾಗುತ್ತದೆ. ಒಬ್ಬರು ಈಜು ಅನ್ನುತ್ತಾರೆ, ಇನ್ನೊಬ್ಬರು ಒಳಾಂಗಣ ಸೈಕಲ್ ತುಳಿಸುವ ಸ್ಪಿನ್ನಿಂಗ್ ಕ್ಲಾಸಿನ ಫೋಟೋ ಹಾಕುತ್ತಾರೆ, ಮತ್ತೊಬ್ಬರು ಸೊಸೈಟಿಯ ಮೆಟ್ಟಿಲೇ ಸಾಕು ಅನ್ನುತ್ತಾರೆ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾವುದಕ್ಕೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಮುಖ್ಯ ಆಟ ದೇಹದ ಕೆಲವು ಭಾಗಗಳನ್ನು ಸವೆಸುತ್ತದೆ, ಕೆಲವನ್ನು ಮುಟ್ಟುವುದೇ ಇಲ್ಲ. ಎರಡನೇ ವ್ಯಾಯಾಮ ಸವೆಯುವುದಕ್ಕೆ ಬಿಡುವು ಕೊಡಬೇಕು, ಇಲ್ಲವೇ ಮುಟ್ಟದೆ ಬಿಟ್ಟದ್ದಕ್ಕೆ ಕೆಲಸ ಕೊಡಬೇಕು. ಎರಡನ್ನೂ ಮಾಡದ ವ್ಯಾಯಾಮದಿಂದ ಬರುವುದು ಸುಸ್ತು ಮಾತ್ರ.

ಓಟದ ಲೆಕ್ಕ ನೋಡಿ. ಗಂಟೆಗೆ 10 ಕಿಲೋಮೀಟರ್ ಓಡುವವರು ನಿಮಿಷಕ್ಕೆ 160ರಿಂದ 170 ಹೆಜ್ಜೆ ಇಡುತ್ತಾರೆ. ಒಂದು ಗಂಟೆಗೆ ಸುಮಾರು 10,000 ಹೆಜ್ಜೆ, ಒಂದೊಂದು ಕಾಲಿಗೆ 5,000. ಪ್ರತಿ ಹೆಜ್ಜೆಗೂ ನೆಲದಿಂದ ಬರುವ ಪೆಟ್ಟು ದೇಹದ ತೂಕದ ಎರಡರಿಂದ ಮೂರು ಪಟ್ಟು. 70 ಕಿಲೋ ಮನುಷ್ಯನಿಗೆ ಅದು 140ರಿಂದ 210 ಕಿಲೋ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಹಿಮ್ಮಡಿಯ ಸ್ನಾಯುರಜ್ಜು, ಮೊಣಕಾಲ ಕೆಳಗಿನ ಮೂಳೆ ಪಳಗಲು ತಿಂಗಳುಗಳು ಬೇಕು. ಈ ಅಂತರದಲ್ಲೇ ಹೆಚ್ಚಿನ ಗಾಯಗಳಾಗುವುದು: ದಮ್ಮು ಇನ್ನೂ ಐದು ಕಿಲೋಮೀಟರ್ ಓಡು ಅನ್ನುತ್ತದೆ, ಮೂಳೆ ಒಪ್ಪುವುದಿಲ್ಲ.

ಹಾಗಾಗಿ ಓಟಗಾರರಿಗೆ ಬೇಕಾದದ್ದು ಮುಖ್ಯವಾಗಿ ಎರಡು. ಪೆಟ್ಟು ಬೀಳದಂತೆ ಹೃದಯಕ್ಕೆ ಕೆಲಸ, ಮತ್ತು ಪೆಟ್ಟು ತಡೆಯುವಷ್ಟು ಕಾಲಿನ ಶಕ್ತಿ. ಒಂದೇ ವ್ಯಾಯಾಮ ಎರಡನ್ನೂ ಕೊಡುವುದಿಲ್ಲ. ಈಜಿನಿಂದ ಮೀನಖಂಡ ಗಟ್ಟಿಯಾಗದು, ಬಸ್ಕಿಯಿಂದ ದಮ್ಮು ಬರದು.

ಮೊದಲು ದಾರಿಯ ಲೆಕ್ಕ

ಈ ಊರಿನಲ್ಲಿ ವ್ಯಾಯಾಮಕ್ಕಿಂತ ಅಲ್ಲಿಗೆ ಹೋಗಿಬರುವುದೇ ದೊಡ್ಡ ವ್ಯಾಯಾಮ. ಮನೆ ಬಾಗಿಲಿನಿಂದ ಹೊರಟು ವಾಪಸ್ ಬರುವವರೆಗಿನ ಪೂರ್ತಿ ಸಮಯ ಬರೆದುಕೊಳ್ಳಿ. ದಾರಿಯ ಸಮಯ ವ್ಯಾಯಾಮದ ಸಮಯವನ್ನು ಮೀರಿದರೆ ಆ ಆಯ್ಕೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ, ಅದೆಷ್ಟೇ ಶ್ರೇಷ್ಠವಾಗಿರಲಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಒಂದು ಗಂಟೆಗೂ ಮೇಲೆ ಲೋಕಲ್ ರೈಲಿನಲ್ಲಿ ನಿಂತು ಹೋಗುವವರಿಗೆ ದಾದರ್‌ನ ಈಜುಕೊಳ ಕನಸಿನ ಮಾತು. ಅವರಿಗೆ ಮನೆಯ ಮೆಟ್ಟಿಲು ಮತ್ತು ಅಕ್ಕಿ ಚೀಲವೇ ಜಿಮ್.

ನಿಲ್ಲುವುದೂ ಲೆಕ್ಕಕ್ಕೆ ಬರಬೇಕು. ಮಾಟುಂಗ, ಸಯನ್, ಫೋರ್ಟ್‌ನ ಹೋಟೆಲುಗಳಲ್ಲಿ ಗಲ್ಲಾದಲ್ಲೋ ಅಡುಗೆಮನೆಯಲ್ಲೋ ಹತ್ತು ಗಂಟೆ ಕಾಲಮೇಲೆ ಇರುವವರು ಸಂಜೆ ಮೆಟ್ಟಿಲು ಹತ್ತಲು ಹೊರಟರೆ ಬಿಡುವು ಬೇಕಿದ್ದ ಕಾಲಿಗೇ ಮತ್ತೆ ಕೆಲಸ ಬೀಳುತ್ತದೆ. ಅಂಥವರಿಗೆ ಕೂತು ಮಾಡುವ ಸೈಕಲ್, ತೇಲುತ್ತಾ ಮಾಡುವ ನೀರಿನ ವ್ಯಾಯಾಮ ಸರಿ. ದಿನವಿಡೀ ಕುರ್ಚಿಯಲ್ಲಿ ಕೂರುವ ಬಿಕೆಸಿಯ (ಬಾಂದ್ರಾ–ಕುರ್ಲಾದ ಕಚೇರಿ ವಲಯ) ನೌಕರರಿಗೆ ಇದರ ತಿರುವುಮುರುವು: ಮಡಚಿಕೊಂಡೇ ಇರುವ ಸೊಂಟವನ್ನು ಸೈಕಲ್ ಸೀಟು ಇನ್ನೂ ಒಂದು ಗಂಟೆ ಮಡಚಿ ಇಡುತ್ತದೆ.

ನೀರಿನೊಳಗಿನ ಓಟ

ಗಾಯಗೊಂಡ ಓಟಗಾರರಿಗೆ ಇದಕ್ಕಿಂತ ಹತ್ತಿರದ ಬದಲಿ ಬೇರೊಂದಿಲ್ಲ. ಆದರೂ ನಮ್ಮಲ್ಲಿ ಅತಿ ಕಡಿಮೆ ಜನ ಮಾಡುವುದು ಇದನ್ನೇ, ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆಂಬ ಸಂಕೋಚ. ಸೊಂಟದ ಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧವಾಗುತ್ತದೆ. ಕುತ್ತಿಗೆಯ ಮಟ್ಟಕ್ಕೆ ಹೋದರೆ ಹತ್ತನೇ ಒಂದು ಭಾಗ. ಪಾದ ತಳಕ್ಕೆ ತಾಗದ ಆಳದಲ್ಲಿ ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ಓಡಿದರೆ ಪೆಟ್ಟು ಸೊನ್ನೆ.

ಮಾಡುವ ಕ್ರಮದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮುಂದಕ್ಕೆ ಬಾಗಿ, ಅಂಗೈಯಿಂದ ನೀರು ತಳ್ಳುತ್ತಾ ನಾಯಿ ಈಜಿದಂತೆ ಈಜುತ್ತಾರೆ. ಆಗ ಕೆಲಸವೆಲ್ಲ ಕೈಯದ್ದು. ಬೆನ್ನು ನೆಟ್ಟಗಿರಲಿ, ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ. ಮುಷ್ಟಿ ಸಡಿಲವಾಗಿ ಮುಚ್ಚಿ, ಮೊಣಕೈ ಮಡಚಿ, ರಸ್ತೆಯಲ್ಲಿ ಬೀಸುವಂತೆಯೇ ಬೀಸಿ. ಮೊಣಕಾಲು ಮೇಲೆತ್ತಿ, ಹಿಮ್ಮಡಿಯನ್ನು ಕೆಳಕ್ಕೂ ಹಿಂದಕ್ಕೂ ಎಳೆಯಿರಿ. ಸರಿಯಾಗಿ ಮಾಡಿದರೆ ನೀವು ಮುಂದೆ ಹೋಗುವುದು ತೀರ ನಿಧಾನ. ಕೊಳದ ಆ ತುದಿ ಬೇಗ ಬಂತೆಂದರೆ ಬಾಗಿದ್ದೀರಿ ಎಂದೇ ಅರ್ಥ.

ಒಂದು ಪಾಠ ಹೀಗಿರಲಿ: 5 ನಿಮಿಷ ಸಲೀಸಾಗಿ, ಆಮೇಲೆ 2 ನಿಮಿಷ ಜೋರು, 1 ನಿಮಿಷ ನಿಧಾನ, ಹೀಗೆ 8 ಸಲ, ಕೊನೆಗೆ 5 ನಿಮಿಷ ಸಲೀಸು. ಒಟ್ಟು 34 ನಿಮಿಷ. ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಲು ಹೋಗಬೇಡಿ. ಬೇಸರ ಬಂದು ಹತ್ತನೇ ನಿಮಿಷಕ್ಕೇ ಕೈಕಾಲು ಆಡಿಸುವುದು ನೆಪಮಾತ್ರಕ್ಕೆ ಆಗುತ್ತದೆ.

ತೊಡಕು ಜಾಗದ್ದು. ದಾದರ್‌ನ ಮಹಾತ್ಮ ಗಾಂಧಿ ಸ್ಮಾರಕ ಈಜುಕೊಳವಿರಲಿ, ಚೆಂಬೂರು, ಕಾಂದಿವಲಿಯ ಪಾಲಿಕೆ ಕೊಳಗಳಿರಲಿ, ಎಲ್ಲವೂ ಬ್ಯಾಚ್ ಲೆಕ್ಕದಲ್ಲಿ ನಡೆಯುತ್ತವೆ. ಆಳದ ಕಡೆ ಒಂದೇ ಜಾಗದಲ್ಲಿ ಕುಪ್ಪಳಿಸುವವರನ್ನು ಈಜುವವರು ಶಪಿಸುತ್ತಾರೆ. ಜನ ಕಡಿಮೆಯಿರುವ ಬ್ಯಾಚ್ ಯಾವುದೆಂದು ಜೀವರಕ್ಷಕರನ್ನೇ ಕೇಳಿ, ಅಂಚಿನ ಲೇನ್‌ನಲ್ಲಿ ಬೆಲ್ಟ್ ಕಟ್ಟಲು ಅನುಮತಿ ಪಡೆದುಕೊಳ್ಳಿ. ಈಜು ಬರದವರು ಬೆಲ್ಟ್ ನಂಬಿ ಆಳಕ್ಕೆ ಇಳಿಯಬಾರದು. ಎದೆಮಟ್ಟದ ನೀರಿನಲ್ಲಿ ಓಡಿದರೂ ಬಹುಪಾಲು ಲಾಭ ಸಿಗುತ್ತದೆ.

ಈಜು

ಈಜು ಎಲ್ಲದಕ್ಕೂ ಮದ್ದು ಎಂಬ ನಂಬಿಕೆ ಗಟ್ಟಿಯಾಗಿದೆ. ಈಜು ಚೆನ್ನಾಗಿ ಬರುವವರ ಮಟ್ಟಿಗೆ ಅದು ನಿಜವೂ ಹೌದು. ಬರದವರಿಗೆ ಮೊದಲ ಎರಡು-ಮೂರು ತಿಂಗಳು ಅದು ದಮ್ಮಿನ ವ್ಯಾಯಾಮವಲ್ಲ, ಉಸಿರಾಟದ ಜೊತೆಗಿನ ಹೋರಾಟ. 25 ಮೀಟರ್ ಹೋಗುವಷ್ಟರಲ್ಲಿ ಏದುಸಿರು, ಮತ್ತೆ ಕಂಬಿ ಹಿಡಿದು ನಿಲ್ಲುವುದು. ಜನವರಿಯ ಮುಂಬೈ ಮ್ಯಾರಥಾನ್‌ಗೆ ನವೆಂಬರ್‌ನಲ್ಲಿ ಈಜು ಕಲಿಯಲು ಹೊರಡುವುದು ತಡ. ಏಪ್ರಿಲ್‌ನಲ್ಲಿ ಶುರು ಮಾಡಿದ್ದರೆ ಸರಿ.

ಓಟಗಾರರ ಕಾಲು ನೀರಿನಲ್ಲಿ ಮುಳುಗುತ್ತದೆ. ಅದಕ್ಕೆ ಕಾರಣ ಎರಡು. ಪಾದದ ಕೀಲು ಬಿಗಿಯಾಗಿರುವುದರಿಂದ ಪಾದ ಹಿಂದಕ್ಕೆ ಚಾಚಿಕೊಳ್ಳದೆ ಬ್ರೇಕಿನಂತೆ ಅಡ್ಡ ನಿಲ್ಲುತ್ತದೆ. ಎರಡನೆಯದು, ಮುಂದೆ ನೋಡಲು ತಲೆ ಎತ್ತುವುದು. ತಲೆ ಎದ್ದಷ್ಟೂ ಸೊಂಟ ಇಳಿಯುತ್ತದೆ. ನೋಟ ಕೊಳದ ತಳದ ಕಡೆಗಿರಲಿ, ಉಸಿರನ್ನು ನೀರೊಳಗೇ ಪೂರ್ತಿ ಬಿಡಿ, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳಿ. 50 ಮೀಟರಿನ 8 ಸುತ್ತು, ನಡುವೆ 20 ಸೆಕೆಂಡ್ ವಿರಾಮ, ಶುರುವಿಗೆ ಇಷ್ಟೇ ಸಾಕು. ಮೀನಖಂಡ ಹಿಡಿದುಕೊಳ್ಳುವವರು ತೊಡೆಗಳ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಇಟ್ಟು ಬರೀ ಕೈಯಿಂದ ಈಜಲಿ.

ಮೊಣಕಾಲು ನೋವಿರುವವರು ಬ್ರೆಸ್ಟ್‌ಸ್ಟ್ರೋಕ್‌ನಿಂದ ದೂರವಿರಬೇಕು. ಕಪ್ಪೆಯಂತೆ ಕಾಲು ಅಗಲಿಸಿ ಒದೆಯುವಾಗ ಮೊಣಕಾಲ ಒಳಬದಿಯ ಪಟ್ಟಿಗೆ ಎಳೆತ ಬೀಳುತ್ತದೆ. ಈಜು ಮೊಣಕಾಲಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ ಕೊಳಕ್ಕಿಳಿದು, ಗೊತ್ತಿರುವ ಒಂದೇ ಈಜು ಅದೆಂದು ಅದನ್ನೇ ಮಾಡಿ, ನೋವು ಹೆಚ್ಚಿಸಿಕೊಂಡವರು ಬಹಳ.

ಕಡಲಿನ ಮಾತು ಬೇಡ. ಮುಂಬೈಯ ದಡದ ನೀರು ಈಜಲು ತಕ್ಕುದಲ್ಲ. ಗೋವಾದ ಕಡಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಳೆತದ ಕಡಲು.

ಸೈಕಲ್

ದಮ್ಮಿನ ಲೆಕ್ಕದಲ್ಲಿ ಓಟಗಾರರಿಗೆ ಅತಿ ಸುಲಭವಾಗಿ ಒಗ್ಗುವುದು ಸೈಕಲ್. ಕಲಿಯುವುದೇನೂ ಇಲ್ಲ, ಪೆಟ್ಟಿಲ್ಲ, ತೊಡೆಯ ಮುಂಭಾಗ ಗಟ್ಟಿಯಾಗುತ್ತದೆ. 30 ನಿಮಿಷದ ಸಲೀಸು ಓಟದ ಬದಲಿಗೆ 40ರಿಂದ 45 ನಿಮಿಷ ಸೈಕಲ್ ಎಂಬುದು ಕೋಚ್‌ಗಳ ಸ್ಥೂಲ ಲೆಕ್ಕ. ಕಿಲೋಮೀಟರ್ ಎಣಿಸಬೇಡಿ, ಸಮಯ ಎಣಿಸಿ.

ನಾಡಿ ಬಡಿತದಲ್ಲಿ ಮೋಸಹೋಗುವವರು ಇಲ್ಲೇ. ಅದೇ ಶ್ರಮಕ್ಕೆ ಸೈಕಲ್ ಮೇಲೆ ನಾಡಿ ಓಟಕ್ಕಿಂತ 5ರಿಂದ 10 ಬಡಿತ ಕಡಿಮೆ ತೋರಿಸುತ್ತದೆ, ನೀರಿನಲ್ಲಿ 10ರಿಂದ 15 ಕಡಿಮೆ. ಸೈಕಲ್ ಮೇಲೆ ಕೆಲಸ ಮಾಡುವ ಸ್ನಾಯು ಕಡಿಮೆ, ದೇಹದ ತೂಕ ಸೀಟಿನ ಮೇಲಿರುತ್ತದೆ. ನೀರಿನಲ್ಲಿ ನೀರಿನ ಒತ್ತಡವೂ ತಂಪೂ ಸೇರುತ್ತವೆ. ಕೈಗಡಿಯಾರದಲ್ಲಿ ಓಟಕ್ಕೆ ಗೊತ್ತುಮಾಡಿದ ನಾಡಿ ಬಡಿತದ ಮಿತಿ (ಝೋನ್) ಹಿಡಿಯಲು ಸೈಕಲ್ ತುಳಿದರೆ ಸಲೀಸು ದಿನ ಗೊತ್ತಿಲ್ಲದೆ ಕಠಿಣ ದಿನವಾಗಿಬಿಡುತ್ತದೆ. ಮಾತಾಡಿ ನೋಡುವುದು ಇದಕ್ಕಿಂತ ನಂಬಿಕೆಯ ಅಳತೆ: ಪೂರ್ತಿ ವಾಕ್ಯ ತಡೆಯಿಲ್ಲದೆ ಬಂದರೆ ಸಲೀಸು, ಮೂರ್ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ಜೋರು.

ಸೀಟಿನ ಎತ್ತರ ಐದು ನಿಮಿಷದ ಕೆಲಸ, ಆದರೆ ಹತ್ತರಲ್ಲಿ ಎಂಟು ಮಂದಿ ಬಿಟ್ಟುಬಿಡುತ್ತಾರೆ. ಪೆಡಲ್ ಕೆಳತುದಿಯಲ್ಲಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರುತ್ತದೆ. ಸೀಟು ತಗ್ಗಾದರೆ ಮಂಡಿಚಿಪ್ಪಿನ ಸುತ್ತ ನೋವು. ಎತ್ತರವಾದರೆ ಸೊಂಟ ಆಚೀಚೆ ತೂಗಿ ಮೊಣಕಾಲ ಹಿಂದೆ ನೋವು. ತುಳಿತ ನಿಮಿಷಕ್ಕೆ 80ರಿಂದ 95 ಸುತ್ತು ಇರಲಿ. ಭಾರದ ಗೇರ್ ಹಾಕಿ 60 ಸುತ್ತು ತುಳಿಯುವುದು ಗಟ್ಟಿತನವೆಂದು ತೋರುತ್ತದೆ, ಮೊಣಕಾಲಿಗೆ ಮಾತ್ರ ಅದು ದಂಡ.

ರಸ್ತೆಯ ವಿಚಾರ. ಬೆಳಗಿನ 5ರಿಂದ 7ರವರೆಗೆ ಮರೀನ್ ಡ್ರೈವ್, ನವಿ ಮುಂಬೈಯ ಪಾಮ್ ಬೀಚ್ ರಸ್ತೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಕನ್ಹೇರಿ ಗುಹೆಗಳ ಕಡೆಗಿನ ಏರು ರಸ್ತೆ ಅನುಕೂಲ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ. ಅದನ್ನು ಕಾಲ್ನಡಿಗೆಯಲ್ಲಿ ದಾಟುವ ಭಾಗ್ಯ ಮ್ಯಾರಥಾನ್ ದಿನದ್ದು. ಮೊದಲ ಮಳೆಗೆ ಡಾಂಬರಿನ ಎಣ್ಣೆ ಮೇಲೆದ್ದು ಜಾರುತ್ತದೆ, ಪೇವರ್ ಬ್ಲಾಕ್, ಕಾಮಗಾರಿಯ ಕಬ್ಬಿಣದ ತಗಡು ಇನ್ನೂ ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಾಂಗಣದ ಸೈಕಲ್ಲೇ ಜಾಣತನ. ಎದುರಿಗೆ ಟೇಬಲ್ ಫ್ಯಾನ್ ಇಟ್ಟುಕೊಳ್ಳಲೇಬೇಕು. ಗಾಳಿಯಿಲ್ಲದ ಕೋಣೆಯಲ್ಲಿ ಬೆವರು ಆರದೆ ಕಾಲು ಸೋಲುವ ಮೊದಲೇ ಮೈ ಕಾದು ಸೋಲುತ್ತದೆ.

10 ನಿಮಿಷ ಬೆಚ್ಚಗಾಗಿ, 4 ನಿಮಿಷ ಜೋರು, 3 ನಿಮಿಷ ನಿಧಾನದ 5 ಸುತ್ತು, 5 ನಿಮಿಷ ಸಲೀಸು. ವಾರದ ಒಂದು ವೇಗದ ಓಟವನ್ನು ಇದು ಚೆನ್ನಾಗಿಯೇ ತುಂಬಿಕೊಡುತ್ತದೆ. ಹಾಡು ಹಾಕಿ ಡಂಬೆಲ್ ಎತ್ತಿಸುವ ಸ್ಪಿನ್ನಿಂಗ್ ಕ್ಲಾಸಿನಲ್ಲಿ ಭಾರ ಕಡಿಮೆ ಇಟ್ಟು 120 ಸುತ್ತು ತಿರುಗಿಸಿದರೆ ಕೆಲಸ ಮಾಡುವುದು ಚಕ್ರದ ತೂಕ, ನೀವಲ್ಲ.

ಮೆಟ್ಟಿಲು, ಬೆಟ್ಟ

ಪೆಡ್ಡರ್ ರೋಡ್ ಏರು ಮ್ಯಾರಥಾನ್‌ನ ಕೊನೆಯ ಭಾಗದಲ್ಲಿ ಬಂದು ಎಲ್ಲರನ್ನೂ ನಡೆಸುತ್ತದೆ. ಅದಕ್ಕೆ ಸಿದ್ಧವಾಗಲು ಈ ಊರಿನಲ್ಲಿ ಬೇಕಾದಷ್ಟು ಇರುವುದು ಮೆಟ್ಟಿಲೇ. ಮಹಡಿಯೊಂದಕ್ಕೆ ಸುಮಾರು 3 ಮೀಟರ್ ಎಂದರೆ 10 ಮಹಡಿಗೆ 30 ಮೀಟರ್. ಗಟ್ಟಿಯಾಗಿ ಹತ್ತಿದರೆ ಎರಡು, ಎರಡೂವರೆ ನಿಮಿಷ. 10 ಸಲ ಹತ್ತಿದರೆ 300 ಮೀಟರ್ ಏರು, ಪುಣೆ ಬಳಿಯ ಸಿಂಹಗಡ ಕೋಟೆಯನ್ನು ಅತ್ಕರ್‌ವಾಡಿಯಿಂದ ಹತ್ತುವುದರ ಹತ್ತಿರ ಹತ್ತಿರ ಅರ್ಧ.

ಇಳಿಯುವಾಗ ಲಿಫ್ಟ್ ಹಿಡಿಯಿರಿ. ಇದು ಸೋಮಾರಿತನವಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತದೆ. ಎಳೆಗಳು ಸಣ್ಣಗೆ ಹರಿಯುವುದು ಆ ಹೊತ್ತಿನಲ್ಲಿ. 24ರಿಂದ 72 ಗಂಟೆ ಕಾಡುವ ನೋವು ಬರುವುದು ಇಳಿತದಿಂದಲೇ. ದಮ್ಮಿಗಾಗಿ ಹತ್ತುವವರು ಇಳಿತ ಬಿಡಬೇಕು, ಲಿಫ್ಟಿನ ಒಂದು ನಿಮಿಷವೇ ವಿರಾಮ. ಬೇಕೆಂದೇ ಇಳಿತ ಅಭ್ಯಾಸ ಮಾಡುವವರು ವಾರಕ್ಕೆ ಎರಡು ಇಳಿತದಿಂದ ಶುರು ಮಾಡಿ ನಿಧಾನಕ್ಕೆ ಏರಿಸಲಿ. ಅಂದಹಾಗೆ, ಹೊರಡುವ ಮೊದಲು ದೀಪ ಉರಿಯುತ್ತದೆಯೇ, ಪಾರಿವಾಳದ ಹಿಕ್ಕೆಯಿಂದ ಮೆಟ್ಟಿಲು ಜಾರುತ್ತದೆಯೇ ಎಂದು ಒಮ್ಮೆ ನೋಡಿ ಬನ್ನಿ, ವಾಚ್‌ಮನ್‌ಗೂ ಒಂದು ಮಾತು ಹೇಳಿ. ರಾತ್ರಿ ಹತ್ತಕ್ಕೆ ಏದುಸಿರು ಬಿಡುತ್ತಾ ಓಡುವವರನ್ನು ಕಂಡು ಗಾಬರಿಯಾಗುವುದು ಸಹಜ.

ಪುಣೆಯವರಿಗೆ ಈ ಗೋಳಿಲ್ಲ. ಪರ್ವತಿಯ 103 ಮೆಟ್ಟಿಲು, ವೇತಾಳ ಟೇಕಡಿ, ತಳಜಾಯಿ ಗುಡ್ಡಗಳು ಊರೊಳಗೇ ಇವೆ. ಮಣ್ಣಿನ ದಾರಿ ಪಾದದ ಸಣ್ಣ ಸ್ನಾಯುಗಳಿಗೆ ಕೊಡುವ ಕೆಲಸವನ್ನು ಯಾವ ಯಂತ್ರವೂ ಕೊಡದು. ಮುಂಬೈಯವರು ಮೂರ್ನಾಲ್ಕು ವಾರಕ್ಕೊಮ್ಮೆ ಭಾನುವಾರದ ಉದ್ದ ಓಟದ ಬದಲು ಚಾರಣಕ್ಕೆ ಹೋಗಬಹುದು. ಆದರೆ 1646 ಮೀಟರಿನ ಕಳಸೂಬಾಯಿ ಹತ್ತಿ ಇಳಿದ ಮೇಲೆ ಮಂಗಳವಾರ ವೇಗದ ಓಟ ಇಟ್ಟುಕೊಳ್ಳಬೇಡಿ, ಗುರುವಾರಕ್ಕೆ ತಳ್ಳಿ.

ಭಾರ ಎತ್ತುವುದು

ಒಂದೇ ಆಯ್ಕೆ ಮಾಡಿ ಎಂದರೆ ನಮ್ಮ ಮತ ಇದಕ್ಕೆ. ಮೇಲಿನವೆಲ್ಲ ಓಟದಿಂದ ಸಿಗುವುದನ್ನೇ ಪೆಟ್ಟಿಲ್ಲದೆ ಕೊಡುತ್ತವೆ, ಭಾರ ಮಾತ್ರ ಓಟ ಕೊಡದೇ ಇರುವುದನ್ನು ಕೊಡುತ್ತದೆ. ವಾರಕ್ಕೆ ಎರಡು ಸಲ, 35 ನಿಮಿಷ ಸಾಕು.

ಓಟಗಾರರ ಸಾಮಾನ್ಯ ತಪ್ಪು ಹಗುರ ಡಂಬೆಲ್ ಹಿಡಿದು 30 ಸಲ ಎತ್ತುವುದು. ತಾಳಿಕೆ ನಿಮಗೆ ಓಟದಿಂದಲೇ ಧಾರಾಳವಾಗಿದೆ, ಕೊರತೆಯಿರುವುದು ಬಲದ್ದು. 6ರಿಂದ 8 ಸಲ ಎತ್ತುವಷ್ಟು ಭಾರ, 3 ಸುತ್ತು, ಸುತ್ತಿನ ಕೊನೆಗೆ ಇನ್ನೆರಡು ಎತ್ತಬಲ್ಲೆ ಅನ್ನಿಸಬೇಕು, ನಾಲ್ಕು ಅನ್ನಿಸಿದರೆ ಭಾರ ಕಡಿಮೆಯಾಯಿತು. ಬಸ್ಕಿ, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಒಂಟಿಕಾಲಲ್ಲಿ ಮೆಟ್ಟಿಲಿಳಿಯುವ ಸ್ಟೆಪ್ ಡೌನ್, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವ ಪ್ಲ್ಯಾಂಕ್, ಮತ್ತು ಮೀನಖಂಡದ ವ್ಯಾಯಾಮ.

ಮೀನಖಂಡಕ್ಕೆ ಒಂದು ಮಾತು ಹೆಚ್ಚು ಹೇಳಬೇಕು. ಇಲ್ಲಿ ಮುಖ್ಯ ಸ್ನಾಯುಗಳು ಎರಡು. ಮೊಣಕಾಲು ನೆಟ್ಟಗಿಟ್ಟು ಹಿಮ್ಮಡಿ ಎತ್ತಿದರೆ ಮೇಲಿನದ್ದು ಹೆಚ್ಚು ದುಡಿಯುತ್ತದೆ, ಮೊಣಕಾಲು ಮಡಚಿ ಎತ್ತಿದರೆ ಒಳಗಿನ ಸೋಲಿಯಸ್. ಓಡುವಾಗ ದೊಡ್ಡ ಹೊರೆ ಹೊರುವುದು ಈ ಒಳಗಿನದ್ದೇ, ಬಹುಮಂದಿ ಪಳಗಿಸದೇ ಬಿಡುವುದೂ ಇದನ್ನೇ. ಪರೀಕ್ಷೆ ಸುಲಭ: ಗೋಡೆಗೆ ಬೆರಳು ತಾಗಿಸಿ ಒಂಟಿಕಾಲಲ್ಲಿ ಪೂರ್ತಿ ಎತ್ತರಕ್ಕೆ 25 ಸಲ ಏಳಲು ಆಗಬೇಕು. ಬಲಗಾಲು 25, ಎಡಗಾಲು 16 ಎಂದರೆ ಎಡಹಿಮ್ಮಡಿ ನೋವಿನ ಕಾರಣ ಅಲ್ಲೇ ಇರಬಹುದು. ಆಮೇಲೆ ಬೆನ್ನುಚೀಲದಲ್ಲಿ 10 ಕಿಲೋ ಅಕ್ಕಿ ಹಾಕಿಕೊಂಡು, ಮೆಟ್ಟಿಲಂಚಿನಲ್ಲಿ ನಿಂತು, ಎರಡೂ ಬಗೆ 3 ಸುತ್ತು. ಇಳಿಯುವುದಕ್ಕೆ ಮೂರು ಎಣಿಸಿ.

ಯಾವ ಹೊತ್ತಿಗೆ ಎಂಬುದೂ ಮುಖ್ಯ. ಬಲವನ್ನೂ ತಾಳಿಕೆಯನ್ನೂ ಒಟ್ಟಿಗೇ ಒತ್ತಿದರೆ ಬಲದ ಗಳಿಕೆ ಕುಗ್ಗುತ್ತದೆಂದು ವ್ಯಾಯಾಮ ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲೇ ತೋರಿಸಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ವಾರಕ್ಕೆರಡು ಸಲ ಎತ್ತುವ ಓಟಗಾರರಿಗೆ ಇದರ ನಷ್ಟ ದೊಡ್ಡದೇನಲ್ಲ. ಆದರೂ ಓಟಕ್ಕೂ ಭಾರಕ್ಕೂ 6 ಗಂಟೆ ಅಂತರವಿರಲಿ, ಓಟ ಮೊದಲು.

ಯೋಗ, ಟರ್ಫ್

ಸೂರ್ಯನಮಸ್ಕಾರ ಕೀಲುಗಳನ್ನು ಸಡಿಲಿಸುತ್ತದೆ, ಉಸಿರು ಹತೋಟಿಗೆ ತರುತ್ತದೆ, ಭಾರ ಎತ್ತುವುದಕ್ಕೆ ಅದು ಬದಲಿಯಲ್ಲ. ಒಂದು ಎಚ್ಚರಿಕೆ: ಕೂತಾಗ ಚುಚ್ಚುವ ಪೃಷ್ಠದ ಮೂಳೆಯ ಬಳಿ ನೋವಿದ್ದರೆ ಅದನ್ನು ಬಿಗಿತವೆಂದು ತಿಳಿದು ಪಶ್ಚಿಮೋತ್ತಾನಾಸನ ಹೆಚ್ಚಿಸಬೇಡಿ. ತೊಡೆಯ ಹಿಂದಿನ ಸ್ನಾಯುರಜ್ಜು ಮೂಳೆಗೆ ಒತ್ತಿಕೊಂಡು ನೋಯುತ್ತಿರಬಹುದು, ಎಳೆದಷ್ಟೂ ಕೆರಳುತ್ತದೆ. ಅಲ್ಲಿಗೆ ಬೇಕಾದದ್ದು ಬಲ.

ಶನಿವಾರ ರಾತ್ರಿ ಕೃತಕ ಹುಲ್ಲಿನ ಮೇಲೆ ಆಡುವ ಟರ್ಫ್ ಫುಟ್‌ಬಾಲ್, ಬಾಕ್ಸ್ ಕ್ರಿಕೆಟ್ ಕ್ರಾಸ್ ಟ್ರೇನಿಂಗ್ ಅಲ್ಲ, ಇನ್ನೊಂದು ಆಟ. ನೇರ ಓಟವೊಂದೇ ಗೊತ್ತಿರುವ ಕಾಲು ಏಕಾಏಕಿ ತಿರುಗಿದಾಗ ಪಾದದ ಕೀಲು, ತೊಡೆಯ ಹಿಂಭಾಗ ಬಲಿಯಾಗುತ್ತವೆ. ಆಡುವುದೇ ಆದರೆ ಅದನ್ನು ಕಠಿಣ ದಿನವೆಂದು ಲೆಕ್ಕ ಹಾಕಿ, ಭಾನುವಾರದ ಉದ್ದ ಓಟ ಬಿಡಿ.

ಮುಖ್ಯ ಆಟ ಓಟವಲ್ಲದಿದ್ದರೆ

ವೇಗದ ಬೌಲರ್‌ಗಳ ಮುಂಗಾಲು ನೆಲಕ್ಕೆ ಬಡಿಯುವಾಗ ಪೆಟ್ಟು ದೇಹದ ತೂಕದ ಐದು ಪಟ್ಟಿಗೂ ಮೇಲೆ. ಹದಿಹರೆಯದವರಲ್ಲಿ ಕೆಳಬೆನ್ನಿನ ಮೂಳೆ ಬಿರುಕು ಬಿಡುವುದು ಇದರಿಂದ. ಆಝಾದ್ ಮೈದಾನದಲ್ಲಿ ಆಡಿದ ಮೇಲೆ ದಮ್ಮಿಗೆಂದು ಸುತ್ತು ಓಡಿಸುವ ಹಳೆಯ ಪದ್ಧತಿಗಿಂತ ಸೈಕಲ್, ಫ್ರೀಸ್ಟೈಲ್ ಈಜು ಮೇಲು. ಬೆನ್ನು ನೋವಿರುವ ಹುಡುಗರಿಗೆ ಬಟರ್‌ಫ್ಲೈ ಈಜು, ಹಿಂದಕ್ಕೆ ಬಾಗುವ ಆಸನ ಬೇಡ. ಬೌಲಿಂಗ್‌ನಲ್ಲಿ ಸವೆಯುವುದು ಅದೇ ಜಾಗ. 1948ರಿಂದ ನಡೆದುಬಂದ ಮುಂಬೈಯ ಕಾಂಗಾ ಲೀಗ್‌ನಂಥ ಮಳೆಗಾಲದ ಕ್ರಿಕೆಟ್ ಪಂದ್ಯಗಳಲ್ಲಿ ಆಡುವವರಿಗೆ ಒಂಟಿಕಾಲ ಸಮತೋಲನದ ವ್ಯಾಯಾಮ ಹೆಚ್ಚಿಗೆ ಬೇಕು, ಜಾರುವ ನೆಲದಲ್ಲಿ ಉಳಿಸುವುದು ಅದು.

ಕಬಡ್ಡಿ ಆಡುವವರಿಗೆ, ನಮ್ಮ ಕರಾವಳಿಯ ಹುಡುಗರು ಇಲ್ಲಿ ಕಡಿಮೆಯೇನಿಲ್ಲ, ಈ ಊರು ಕೊಡುವ ಒಳ್ಳೆಯ ಆಯ್ಕೆ ಮಲ್ಲಗಂಬ. ಶಿವಾಜಿ ಪಾರ್ಕ್‌ನ ಸಮರ್ಥ ವ್ಯಾಯಾಮ ಮಂದಿರ ಇದಕ್ಕೆ ಹೆಸರಾದ ಜಾಗ. ಹರಳೆಣ್ಣೆ ಸವರಿದ ಕಂಬವನ್ನು ತೊಡೆಗಳ ನಡುವೆ ಅಮುಕಿ ಹಿಡಿಯುವಾಗ ದುಡಿಯುವುದು ಒಳತೊಡೆಯ ಸ್ನಾಯು. ಕಾಲು ಹಿಡಿದು ಎಳೆದಾಗ ಮೊದಲು ಹರಿಯುವುದೂ ಅದೇ. ಜೊತೆಗೆ ಹಿಡಿತ, ಭುಜ. ದಮ್ಮಿಗೆ ದೂರದ ಓಟ ಬೇಡ. ರೈಡ್ 30 ಸೆಕೆಂಡಿನದ್ದು, ಅಭ್ಯಾಸವೂ ಹಾಗೇ ಇರಲಿ: 30 ಸೆಕೆಂಡ್ ಜೋರು, ಒಂದೂವರೆ ನಿಮಿಷ ಬಿಡುವು, 10 ಸಲ. ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ: ಯಾರಾದರೂ ಹಿಮ್ಮಡಿ ಹಿಡಿದಿರಲು, ಮಂಡಿಯೂರಿ ನಿಧಾನಕ್ಕೆ ಮುಂದಕ್ಕೆ ಬೀಳುವುದು, ಮೊದಲ ವಾರ 2 ಸುತ್ತು 5 ಸಲ, ಅದಕ್ಕಿಂತ ಹೆಚ್ಚಲ್ಲ, ಮಾರನೇ ದಿನ ನಡೆಯಬೇಕಲ್ಲ.

ಬ್ಯಾಡ್ಮಿಂಟನ್‌ನವರು ಭುಜ ಮೇಲೆತ್ತಿಯೇ ಆಡುವವರು, ವಾರಕ್ಕೆ ಮೂರು ದಿನ ಫ್ರೀಸ್ಟೈಲ್ ಸೇರಿಸಿದರೆ ಅದೇ ಭುಜಕ್ಕೆ ಇನ್ನಷ್ಟು ಹೊರೆ. ಅವರಿಗೆ ಸೈಕಲ್, ಹಿಂದಕ್ಕೆಳೆಯುವ ರೋಯಿಂಗ್ ಸರಿ. ಈಜುಗಾರರ, ಸೈಕಲ್ ಸವಾರರ ಕೊರತೆ ಮೂಳೆಯದ್ದು, ಪೆಟ್ಟಿಲ್ಲದ ಆಟದಲ್ಲಿ ಮೂಳೆ ಗಟ್ಟಿಯಾಗದು. ವಾರಕ್ಕೆರಡು ಸಲ ಹಗ್ಗದಾಟ, ಭಾರ. ಇವರು ಓಡಲು ಶುರು ಮಾಡುವಾಗ 1 ನಿಮಿಷ ಓಟ, 2 ನಿಮಿಷ ನಡಿಗೆ ಎಂದೇ ಶುರು ಮಾಡಬೇಕು: ಎಂಜಿನ್ ಬಲ, ಚಾಸಿ ಬಡ.

ವಾರದಲ್ಲಿ ಕೂರಿಸುವುದು

ವಾರಕ್ಕೆ ಮೂರು ದಿನ ಓಡುವವರು ಎರಡು ದಿನ ಕ್ರಾಸ್ ಟ್ರೇನಿಂಗ್ ಸೇರಿಸಬಹುದು. ಈಗಾಗಲೇ ಆರು ದಿನ ಓಡುವವರು ಸೇರಿಸಬಾರದು, ಒಂದು ಓಟ ತೆಗೆದು ಆ ಜಾಗದಲ್ಲಿ ಇಡಬೇಕು. ನಾಲ್ಕು ದಿನ ಓಡುವವರ ವಾರ ಹೀಗೆ: ಸೋಮವಾರ ರಜೆ. ಮಂಗಳವಾರ ಬೆಳಗ್ಗೆ ವೇಗದ ಓಟ, ಸಂಜೆ ಭಾರ. ಬುಧವಾರ 45 ನಿಮಿಷ ಸಲೀಸು ಸೈಕಲ್. ಗುರುವಾರ ಬೆಳಗ್ಗೆ ಮಧ್ಯಮ ಓಟ, ಸಂಜೆ ಭಾರ. ಶುಕ್ರವಾರ ಈಜು ಅಥವಾ ಏನೂ ಇಲ್ಲ. ಶನಿವಾರ 30 ನಿಮಿಷ ಸಲೀಸು ಓಟ. ಭಾನುವಾರ ಉದ್ದ ಓಟ. ಭಾರವನ್ನು ಓಟದ ದಿನವೇ ಇಟ್ಟಿರುವುದು ಬೇಕೆಂದೇ: ಕಠಿಣ ದಿನ ಪೂರ್ತಿ ಕಠಿಣವಾಗಿದ್ದರೆ ಸಲೀಸು ದಿನ ನಿಜಕ್ಕೂ ಸಲೀಸಾಗಿ ಉಳಿಯುತ್ತದೆ.

ಒಟ್ಟು ಹೊರೆ ಅಳೆಯಲು ನಿಮಿಷವನ್ನು 10ರೊಳಗಿನ ಶ್ರಮದ ಅಂಕದಿಂದ ಗುಣಿಸಿ. 60 ನಿಮಿಷ ವೇಗದ ಓಟ 7 ಎನಿಸಿದರೆ 420, 45 ನಿಮಿಷ ಸೈಕಲ್ 3 ಎನಿಸಿದರೆ 135. ವಾರದ ಮೊತ್ತ ಹಿಂದಿನ ವಾರಕ್ಕಿಂತ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರದಿರಲಿ. ಸೈಕಲ್ ತುಳಿದು ಸಂಪಾದಿಸಿದ ದಮ್ಮನ್ನು ನಂಬಿ ಓಟದ ದೂರ ಏಕಾಏಕಿ ಹೆಚ್ಚಿಸಬೇಡಿ. ಓಟದ ನಿಮಿಷಗಳ ಲೆಕ್ಕ ಬೇರೆಯೇ ಇಡಿ, ಮೂಳೆಗೆ ಸೈಕಲ್‌ನ ಸಮಾಚಾರ ಗೊತ್ತಿಲ್ಲ.

ನೋವಿದ್ದಾಗಿನ ನಿಯಮ: 10ರಲ್ಲಿ 3ರವರೆಗಿನ ನೋವು ಮಾರನೇ ಬೆಳಗ್ಗೆಗೆ ಇಳಿದರೆ ಆ ವ್ಯಾಯಾಮ ಮುಂದುವರಿಸಬಹುದು. ಮೂಳೆಯ ಮೇಲೆ ಒಂದೇ ಬೆರಳಲ್ಲಿ ತೋರಿಸುವಂಥ ನೋವು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಹೆಚ್ಚುವ ನೋವು ಇದ್ದರೆ ಓಟ, ಮೆಟ್ಟಿಲು ಎರಡೂ ಬಂದ್, ವೈದ್ಯರ ಬಳಿ. ಮಳೆಗಾಲದಲ್ಲಿ ಕಾಲಿಗೆ ತರಚು ಗಾಯವಿದ್ದರೆ ನಿಂತ ನೀರಿನಲ್ಲಿ ಓಡಬಾರದು, ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಹರಡುವುದು ಹಾಗೆಯೇ. ಆ ದಿನಕ್ಕೆ ಮೆಟ್ಟಿಲಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರ ಏರಿಸುವ ಕಾಲ. ಅಕ್ಟೋಬರ್ ಬಿಸಿಲಿನಲ್ಲಿ ವಾರದ ಒಂದು ಓಟ ಕೊಳಕ್ಕೆ ಹೋಗಲಿ. ನವೆಂಬರ್, ಡಿಸೆಂಬರ್‌ನಲ್ಲಿ ಓಟಕ್ಕೇ ಹೆಚ್ಚು ಪಾಲು, ಭಾರ ವಾರಕ್ಕೊಮ್ಮೆ. ಮ್ಯಾರಥಾನ್‌ಗೆ ಮೂರು ವಾರವಿರುವಾಗ ಚಾರಣ ಬಂದ್, ಹತ್ತು ದಿನವಿರುವಾಗ ಭಾರ ಬಂದ್. ಆ ಹತ್ತು ದಿನದಲ್ಲಿ 20 ನಿಮಿಷ ಸೈಕಲ್ ತುಳಿಯಬಹುದು, ಮೊದಲೇ ರೂಢಿಯಿದ್ದವರು ನೀರಿಗಿಳಿಯಬಹುದು. ಮ್ಯಾರಥಾನ್‌ಗೆ ಮೊದಲು ನಡೆಯುವ ಎಕ್ಸ್‌ಪೋದಲ್ಲಿ ಬಿಬ್ (ಎದೆಗೆ ಹಚ್ಚುವ ಸಂಖ್ಯೆಯ ಚೀಟಿ) ತರಲು ಹೋದಾಗ ಅಲ್ಲಿಟ್ಟಿರುವ ಹೊಸ ಯಂತ್ರವನ್ನು ಹತ್ತಿ ನೋಡಬೇಡಿ.